ಬಾಲ್ ಕ್ಲೇಯ ಹೊಸ ಲಾಟ್ ಬಂದ ಮೇಲೆ ಕಾಣಿಸುವ ದೋಷಗಳು: ಕಾರಣ ಪತ್ತೆ ಹಚ್ಚುವ ಕ್ರಮ

ಮಿಶ್ರಣವೂ ಅದೇ, ಭಟ್ಟಿಯೂ ಅದೇ, ಸುಡುವ ಕ್ರಮವೂ ಅದೇ ಇದ್ದು, ಇದ್ದಕ್ಕಿದ್ದಂತೆ ಬಟ್ಟಲುಗಳ ಅಂಚು ಸೀಳತೊಡಗಿದರೆ, ಅಚ್ಚಿಗೆ ಸುರಿಯುವ ಸ್ಲಿಪ್ (ನೀರಿನಲ್ಲಿ ಕದಡಿದ ಮಣ್ಣು) ಗಟ್ಟಿಯಾಗಿ ಹರಿಯದೆ ನಿಂತರೆ, ಅಥವಾ ಸುಟ್ಟ ತಟ್ಟೆಯನ್ನು ಒಡೆದಾಗ ಒಳಗೆ ಕಪ್ಪು ತಿರುಳು ಕಂಡರೆ, ಮೊದಲು ಕೇಳಬೇಕಾದ ಪ್ರಶ್ನೆ ಮಿಶ್ರಣಕ್ಕೆ ಜಿಗುಟು ಕೊಡುವ ನುಣುಪು ಜೇಡಿಮಣ್ಣಾದ ಬಾಲ್ ಕ್ಲೇಯ ಚೀಲ ಯಾವಾಗ ಬದಲಾಯಿತು ಎಂಬುದು. ಮಿಶ್ರಣಕ್ಕೆ ಬೀಳುವ ಪದಾರ್ಥಗಳಲ್ಲಿ ಫೆಲ್ಡ್‌ಸ್ಪಾರ್ (ಸುಡುವಾಗ ಕರಗಿ ಮಣ್ಣನ್ನು ಬೆಸೆಯುವ ಖನಿಜ) ಮತ್ತು ಕ್ವಾರ್ಟ್ಜ್ ಲಾಟಿನಿಂದ ಲಾಟಿಗೆ ಬದಲಾಗುವುದು ಕಡಿಮೆ; ತೊಳೆದ ಚೀನಾ ಕ್ಲೇಯೂ ಸುಮಾರಾಗಿ ಸ್ಥಿರವಾಗಿರುತ್ತದೆ. ಬಾಲ್ ಕ್ಲೇ ಹಾಗಲ್ಲ. ಈ ಬರಹವು 1200ರಿಂದ 1250 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುವ ಬಿಳಿ ಸ್ಟೋನ್‌ವೇರ್ ಮಾಡುವ, ಮಿಶ್ರಣದಲ್ಲಿ ನೂರಕ್ಕೆ 20–30 ಭಾಗ ಬಾಲ್ ಕ್ಲೇ ಬಳಸುವ ಸಣ್ಣ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಈ ಮಣ್ಣು ಹುಟ್ಟಿದ ಬಗೆಯಲ್ಲೇ ಅದರ ಬದಲಾವಣೆಗೆ ಕಾರಣವಿದೆ. ಶಿಲೆ ಶಿಥಿಲವಾದ ಜಾಗದಲ್ಲೇ ಉಳಿದದ್ದು ಚೀನಾ ಕ್ಲೇ. ನೀರಿನಲ್ಲಿ ಕೊಚ್ಚಿಕೊಂಡು ಹೋಗಿ, ದಾರಿಯಲ್ಲಿ ದಪ್ಪ ಕಣಗಳನ್ನು ಬಿಟ್ಟು, ಕೊನೆಗೆ ಕೆರೆ, ಜೌಗುಗಳ ತಳದಲ್ಲಿ ಗಿಡಗಂಟಿಗಳ ಕೊಳೆತ ಅವಶೇಷದೊಡನೆ ಪದರಪದರವಾಗಿ ನೆಲೆಸಿದ್ದು ಬಾಲ್ ಕ್ಲೇ. ಆದುದರಿಂದ ಅದರಲ್ಲಿ ಜೇಡಿಯ ಮುಖ್ಯ ಖನಿಜವಾದ ಕಯೋಲಿನೈಟ್ 20ರಿಂದ 80 ಶೇಕಡಾ, ಅಭ್ರಕ 10ರಿಂದ 25 ಶೇಕಡಾ, ಕ್ವಾರ್ಟ್ಜ್ 6ರಿಂದ 65 ಶೇಕಡಾವರೆಗೆ ಇರಬಹುದು. ಜೊತೆಗೆ ಲಿಗ್ನೈಟ್ (ಕಂದು ಕಲ್ಲಿದ್ದಲು) ಮತ್ತು ಕರಗುವ ಲವಣಗಳು ಇರುತ್ತವೆ. ಒಂದೇ ಗಣಿಯಲ್ಲಿ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಹೋಲಿಕೆ ಇರಬೇಕೆಂದಿಲ್ಲ. ಇಂಗ್ಲೆಂಡಿನ ಡೆವನ್ ಮತ್ತು ಡಾರ್ಸೆಟ್ ಪ್ರದೇಶದ ಉತ್ಪಾದಕರು ಹಲವು ಪದರಗಳ ಮಣ್ಣನ್ನು ಬೆರೆಸಿ ಗುಣವನ್ನು ಸಮಗೊಳಿಸಿಯೇ ಮಾರುತ್ತಾರೆ. ರಾಜಸ್ಥಾನದ ಬಿಕಾನೇರ್, ಗುಜರಾತ್, ಆಂಧ್ರದ ಪಶ್ಚಿಮ ಗೋದಾವರಿ ಕಡೆಯಿಂದ ವ್ಯಾಪಾರಿಗಳ ಕೈದಾಟಿ ನಮ್ಮ ಸಣ್ಣ ಘಟಕಗಳಿಗೆ ಬರುವ ಚೀಲದಲ್ಲಿ ಅಂಥ ಖಾತರಿಯನ್ನು ನಿರೀಕ್ಷಿಸುವಂತಿಲ್ಲ. ಬಿಕಾನೇರ್ ಜಿಲ್ಲೆಯಲ್ಲಿ ಜಿಪ್ಸಮ್ ಗಣಿಗಳೂ ಪಲಾನಾದಂಥ ಲಿಗ್ನೈಟ್ ನಿಕ್ಷೇಪಗಳೂ ಇವೆ ಎಂಬುದನ್ನು ನೆನಪಿಟ್ಟುಕೊಂಡರೆ, ಮುಂದೆ ಹೇಳುವ ದೋಷಗಳ ಪೈಕಿ ಅರ್ಧದಷ್ಟು ಏಕೆ ಬರುತ್ತವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ತೇವಾಂಶ ಮತ್ತು ಹಳೆಯ ಮಾದರಿ

ಮಣ್ಣನ್ನು ದೂರುವ ಮೊದಲು ತೂಕವನ್ನು ಪರೀಕ್ಷಿಸಬೇಕು. ಗಟ್ಟಿ ರೂಪದಲ್ಲಿ ಬರುವ ಬಾಲ್ ಕ್ಲೇಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ತೇವಾಂಶ ಗಣನೀಯವಾಗಿರುತ್ತದೆ. ನೂರು ಗ್ರಾಂ ಮಣ್ಣನ್ನು 110 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ಮತ್ತೆ ತೂಗಿದರೆ ಲೆಕ್ಕ ಸಿಗುತ್ತದೆ. ತೇವಾಂಶ 16 ಶೇಕಡಾ ಇದ್ದು, ಮಿಶ್ರಣಕ್ಕೆ 25 ಕಿಲೊ ಎಂದು ಚೀಲದಿಂದ ನೇರವಾಗಿ ತೂಗಿ ಹಾಕಿದರೆ ಒಳಗೆ ಹೋದ ಒಣ ಮಣ್ಣು 21 ಕಿಲೊ ಮಾತ್ರ. 25 ಕಿಲೊ ಒಣ ಮಣ್ಣು ಬೇಕಾದರೆ ಸುಮಾರು 29.8 ಕಿಲೊ ತೂಗಬೇಕು. ನಾಲ್ಕು ಕಿಲೊ ಕೊರತೆಯಿಂದ ಜಿಗುಟು ತಗ್ಗುತ್ತದೆ, ಹಸಿ ಪಾತ್ರೆಯ ಬಲ ಇಳಿಯುತ್ತದೆ, ಹಿಡಿಕೆಗಳು ಕೈಯಲ್ಲಿ ಮುರಿಯುತ್ತವೆ. ಈ ಲೆಕ್ಕ ಮಾಡದೆ ಮಿಶ್ರಣದ ಸೂತ್ರವನ್ನೇ ಬದಲಿಸಲು ಹೊರಟವರು ಬೇಸಿಗೆ ಬಂದಾಗ ವಿರುದ್ಧ ದೋಷವನ್ನು ಎದುರಿಸುತ್ತಾರೆ.

ಎರಡನೆಯದು, ಪ್ರತಿ ಲಾಟಿನಿಂದಲೂ ಎರಡು ಕಿಲೊ ಮಣ್ಣನ್ನು ಗುರುತು ಹಾಕಿ ತೆಗೆದಿಟ್ಟಿರಬೇಕು. ಉಳಿದೆಲ್ಲ ಪದಾರ್ಥಗಳೂ ಒಂದೇ ಇದ್ದು ಬಾಲ್ ಕ್ಲೇ ಮಾತ್ರ ಬೇರೆಯಾದ ಎರಡು ಸಣ್ಣ ಮಿಶ್ರಣಗಳನ್ನು ಮಾಡಿ, ಒಂದೇ ಭಟ್ಟಿಯಲ್ಲಿ ಅಕ್ಕಪಕ್ಕ ಸುಟ್ಟರೆ ದೋಷ ಮಣ್ಣಿನದೋ ಅಲ್ಲವೋ ಎಂಬುದು ಇತ್ಯರ್ಥವಾಗುತ್ತದೆ. ಮುಂದಿನ ಪರೀಕ್ಷೆಗಳ ಫಲಿತಾಂಶವನ್ನೂ ಪುಸ್ತಕದ ಅಂಕಿಗಳಿಗಿಂತ ಹಳೆಯ ಲಾಟಿನ ಫಲಿತಾಂಶದೊಡನೆ ಹೋಲಿಸುವುದೇ ಹೆಚ್ಚು ಪ್ರಯೋಜನಕಾರಿ.

ಮಾರಾಟಗಾರರ ವಿಶ್ಲೇಷಣಾ ಪತ್ರದ ಮಿತಿ

ಚೀಲದೊಡನೆ ಬರುವ ಪತ್ರದಲ್ಲಿ ಸಿಲಿಕಾ, ಅಲ್ಯುಮಿನಾ, ಫೆರಿಕ್ ಆಕ್ಸೈಡ್, ಟೈಟೇನಿಯಾ, ಪೊಟ್ಯಾಶ್ ಮುಂತಾದವುಗಳ ಶೇಕಡಾ ಇರುತ್ತದೆ. ಸುಟ್ಟ ಮೇಲಿನ ಬಣ್ಣ ಮತ್ತು ಬೇಯುವಿಕೆಯ ಬಗ್ಗೆ ಅದು ಉಪಯುಕ್ತವೇ ಸರಿ. ಆದರೆ ಘಟಕದಲ್ಲಿ ಕೆಲಸ ನಿಲ್ಲಿಸುವ ದೋಷಗಳಲ್ಲಿ ಬಹುಪಾಲು ಭೌತಿಕ ಗುಣಗಳಿಂದ ಬರುತ್ತವೆ. ಕಣಗಳ ಸೂಕ್ಷ್ಮತೆ, ಜೇಡಿ ಖನಿಜದ ಜಾತಿ, ಕರಗುವ ಸಲ್ಫೇಟ್ ಇವು ಯಾವುವೂ ಸಾಮಾನ್ಯ ಆಕ್ಸೈಡ್ ಪಟ್ಟಿಯಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿ ಒಂದೇ ಅಂಕಿ ತೋರುವ ಎರಡು ಮಣ್ಣುಗಳಲ್ಲಿ ಒಂದು ತಿಗರಿಯ ಮೇಲೆ ಬೆಣ್ಣೆಯಂತೆ ಏಳಬಹುದು, ಇನ್ನೊಂದು ಹರಿದುಹೋಗಬಹುದು.

ಪತ್ರದಲ್ಲಿ ಅಡಗಿರುವ ಒಂದು ಸುಳಿವನ್ನು ಮಾತ್ರ ಹೊರತೆಗೆಯಬಹುದು. ಶುದ್ಧ ಕಯೋಲಿನೈಟಿನಲ್ಲಿ ಅಲ್ಯುಮಿನಾ 39.5 ಶೇಕಡಾ, ಸುಟ್ಟಾಗ ಹೋಗುವ ರಾಸಾಯನಿಕ ನೀರು ಸುಮಾರು 14 ಶೇಕಡಾ. ಪತ್ರದಲ್ಲಿ ಅಲ್ಯುಮಿನಾ 30 ಎಂದಿದ್ದರೆ, ಅದೆಲ್ಲವೂ ಕಯೋಲಿನೈಟಿನದೇ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಹೋಗಬೇಕಾದ ನೀರು 10.6 ಶೇಕಡಾ. ಸುಟ್ಟಾಗಿನ ನಷ್ಟ 14 ಎಂದು ಬರೆದಿದ್ದರೆ ಉಳಿದ ಮೂರೂವರೆಯಷ್ಟು ಭಾಗ ಎಲ್ಲಿಂದ ಬಂತು? ಸಾವಯವ ಇಂಗಾಲ, ಸಲ್ಫೈಡ್ ಅಥವಾ ಕಾರ್ಬೊನೇಟ್ ಇದೆ ಎಂದೇ ಅರ್ಥ. ಅಭ್ರಕದಲ್ಲಿ ನೀರು ಕೇವಲ ನಾಲ್ಕೂವರೆ ಶೇಕಡಾ ಇರುವುದರಿಂದ ನಿಜವಾದ ಹೆಚ್ಚುವರಿ ಇದಕ್ಕಿಂತ ಇನ್ನಷ್ಟು ಜಾಸ್ತಿಯೇ ಇರುತ್ತದೆ. ಕಪ್ಪು ತಿರುಳಿನ ಅಪಾಯವನ್ನು ಚೀಲ ಬಿಚ್ಚುವ ಮೊದಲೇ ಹೇಳುವ ಲೆಕ್ಕ ಇದು.

ಒಣಗುವಾಗ ಬಿರುಕು, ಸೊಟ್ಟಗಾಗುವಿಕೆ

ಬಿರುಕು ಯಾವ ಹಂತದ್ದು ಎಂಬುದನ್ನು ಮೊದಲು ನಿರ್ಧರಿಸಬೇಕು. ಗ್ಲೇಜ್ (ಗಾಜಿನಂಥ ಲೇಪ) ಹಾಕಿ ಸುಟ್ಟ ಪಾತ್ರೆಯಲ್ಲಿ ಬಿರುಕಿನ ಅಂಚಿಗೆ ಗ್ಲೇಜ್ ದುಂಡಗೆ ಇಳಿದಿದ್ದು, ಬಿರುಕು ಬಾಯ್ದೆರೆದು ಒರಟಾಗಿದ್ದರೆ ಅದು ಒಣಗುವಾಗಲೇ ಹುಟ್ಟಿದ್ದು. ಗ್ಲೇಜ್ ಸಹಿತ ಗಾಜು ಸೀಳಿದಂತೆ ಚೂಪಾಗಿದ್ದರೆ ಅದು ತಣಿಯುವಾಗ ಬಂದದ್ದು. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ರೂಪ ಬದಲಿಸಿ ಕುಗ್ಗುವ ಹಂತವನ್ನು ಭಟ್ಟಿ ಬೇಗನೆ ದಾಟಿರುವ ಸಂಭವ ಹೆಚ್ಚು, ಬಾಲ್ ಕ್ಲೇಯನ್ನು ಅದಕ್ಕೆ ಹೊಣೆ ಮಾಡುವಂತಿಲ್ಲ.

ಒಣಗುವ ಬಿರುಕೇ ಎಂದು ಖಚಿತವಾದರೆ ಹೊಸ ಮಣ್ಣು ಹಳೆಯದಕ್ಕಿಂತ ಹೆಚ್ಚು ನುಣುಪಾಗಿದೆ ಎಂಬುದು ಮೊದಲ ಶಂಕೆ. ಒಳ್ಳೆಯ ಬಾಲ್ ಕ್ಲೇಯಲ್ಲಿ ಬಹುಪಾಲು ಕಣಗಳು ಎರಡು ಮೈಕ್ರಾನಿಗಿಂತ ಸಣ್ಣವು. ಕಣ ಸಣ್ಣದಾದಷ್ಟೂ ಅದರ ಮೇಲ್ಮೈ ಹಿಡಿಯುವ ನೀರು ಹೆಚ್ಚು. ಆ ನೀರು ಹೊರಟಾಗ ಕಣಗಳು ಹತ್ತಿರ ಸರಿಯುತ್ತವೆ, ಕುಗ್ಗುವಿಕೆ ಹೆಚ್ಚುತ್ತದೆ. ಜಿಗುಟು ಮತ್ತು ಒಣಬಲ ಕೊಡುವ ಗುಣವೇ ಬಿರುಕನ್ನೂ ಕೊಡುತ್ತದೆ. ಪರೀಕ್ಷೆ ಸರಳವಾದದ್ದು: ಹಳೆಯ ಮತ್ತು ಹೊಸ ಮಣ್ಣನ್ನು ಒಂದೇ ಹದಕ್ಕೆ ಕಲಸಿ, ಎಷ್ಟು ನೀರು ಹಿಡಿಯಿತೆಂದು ಬರೆದುಕೊಂಡು, ಪಟ್ಟಿಗಳನ್ನು ಮಾಡಿ, ಪ್ರತಿಯೊಂದರ ಮೇಲೂ 100 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಬೇಕು. ಒಣಗಿದ ಮೇಲೆ ಅಂತರ 94 ಆಗಿದ್ದರೆ ಒಣ ಕುಗ್ಗುವಿಕೆ ಆರು ಶೇಕಡಾ. ಸುಟ್ಟ ಮೇಲೆ ಮತ್ತೆ ಅಳೆದರೆ ಒಟ್ಟು ಕುಗ್ಗುವಿಕೆ ತಿಳಿಯುತ್ತದೆ. ನೀರು ಮತ್ತು ಕುಗ್ಗುವಿಕೆ ಎರಡೂ ಹಳೆಯದಕ್ಕಿಂತ ಹೆಚ್ಚಿದ್ದರೆ ಶಂಕೆ ನಿಜ.

ಕುಗ್ಗುವಿಕೆ ತೀರಾ ಹೆಚ್ಚಾಗಿ ಕಂಡರೆ ನೀರು ಹೀರಿ ಹಿಗ್ಗುವ ಜೇಡಿ ಖನಿಜವಾದ ಮಾಂಟ್‌ಮೊರಿಲೊನೈಟ್ ಸೇರಿರಬಹುದು. ಅದರ ಅಯಾನು ವಿನಿಮಯ ಸಾಮರ್ಥ್ಯ (ಕಣಗಳು ಅಯಾನುಗಳನ್ನು ಹಿಡಿದು ಬದಲಿಸಿಕೊಳ್ಳುವ ಶಕ್ತಿ) ನೂರು ಗ್ರಾಂಗೆ 80–150 ಮಿಲಿ ಈಕ್ವಿವಲೆಂಟ್. ಕಯೋಲಿನೈಟಿನದು 3–15 ಮಾತ್ರ. ಹೀಗಾಗಿ ಸ್ವಲ್ಪ ಬೆರೆತರೂ ಇಡೀ ಮಣ್ಣಿನ ವರ್ತನೆ ಬದಲಾಗುತ್ತದೆ. ಪ್ರಯೋಗಾಲಯಗಳು ಮಾಡುವ ಮೆಥಿಲೀನ್ ಬ್ಲೂ ಪರೀಕ್ಷೆ ಇದನ್ನು ತೋರಿಸುತ್ತದೆ. ದುಬಾರಿಯಲ್ಲದ ಈ ಒಂದು ಅಂಕಿಯನ್ನು ಮಾರಾಟಗಾರನಿಂದ ಕೇಳಿ ಪಡೆಯುವುದು ಇಡೀ ಆಕ್ಸೈಡ್ ಪಟ್ಟಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಪರಿಹಾರವಾಗಿ ಬಾಲ್ ಕ್ಲೇಯ ನಾಲ್ಕನೆಯ ಒಂದು ಭಾಗವನ್ನು ದಪ್ಪ ಕಣದ ಚೀನಾ ಕ್ಲೇಗೆ ಬದಲಿಸಿ ನೋಡಬಹುದು. ದಪ್ಪ ಗೋಡೆಯ ಪಾತ್ರೆಗಳಿಗೆ ಗ್ರಾಗ್ (ಸುಟ್ಟ ಮಣ್ಣಿನ ಪುಡಿ) ಸೇರಿಸುವುದು ಇನ್ನೊಂದು ದಾರಿ. ತಿಗರಿಯ ಮೇಲೆ ಎತ್ತಿದ ಪಾತ್ರೆಗಳ ತಳದಲ್ಲಿ ಮಾತ್ರ ಎಸ್ ಅಕ್ಷರದ ಆಕಾರದ ಬಿರುಕು ಬರುತ್ತಿದ್ದರೆ, ತಳವನ್ನು ಒತ್ತಿ ಗಟ್ಟಿಗೊಳಿಸದಿರುವುದನ್ನೂ ಒಳಗೆ ನಿಂತ ನೀರನ್ನೂ ಮೊದಲು ಸರಿಪಡಿಸಬೇಕು. ನುಣುಪು ಮಣ್ಣು ಆ ತಪ್ಪನ್ನು ಎತ್ತಿ ತೋರಿಸುತ್ತದೆ, ಹುಟ್ಟಿಸುವುದಿಲ್ಲ.

ಜರಡಿಯಲ್ಲಿ ಉಳಿಯುವುದನ್ನು ಓದುವುದು

ಜಿಗುಟು ಸಾಲದೆ ಪಾತ್ರೆ ಹರಿಯುತ್ತಿದ್ದರೆ, ಸುಟ್ಟ ಮೇಲೆ ಚುಕ್ಕೆಗಳು ಅಥವಾ ಗುಳಿಗಳು ಕಂಡರೆ, ನೂರು ಗ್ರಾಂ ಒಣ ಮಣ್ಣನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ 200 ಮೆಶ್ (ಅಂಗುಲಕ್ಕೆ 200 ಕಣ್ಣು) ಜರಡಿಯ ಮೇಲೆ ನೀರು ಹರಿಸುತ್ತಾ ತೊಳೆಯಬೇಕು. ಒಣ ಜರಡಿ ಹಿಡಿಯಬಾರದು. ಕ್ವಾರ್ಟ್ಜ್ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಉಳಿದದ್ದನ್ನು ಒಣಗಿಸಿ ತೂಗಿ, ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಬೇಕು. ಗಾಜಿನಂತೆ ಹೊಳೆಯುವ ಮೂಲೆಮೂಲೆಯ ಕಣಗಳು ಮರಳು. ತೂಕ ಹಳೆಯ ಲಾಟಿಗಿಂತ ಬಹಳ ಹೆಚ್ಚಿದ್ದರೆ ಜಿಗುಟು ತಗ್ಗಿದ್ದಕ್ಕೆ ಕಾರಣ ಅದೇ. ಹಗುರವಾದ, ಉಗುರಿನಲ್ಲಿ ಪುಡಿಯಾಗುವ ಕಂದುಗಪ್ಪು ಚೂರುಗಳು ಲಿಗ್ನೈಟ್. ಚಿಮಟದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ ಕೆಂಪಗೆ ಉರಿದು ಬೂದಿಯಾಗುತ್ತವೆ. ಅವು ಸುಟ್ಟುಹೋದ ಜಾಗದಲ್ಲಿ ಉಳಿಯುವ ಹಳ್ಳಗಳೇ ಗ್ಲೇಜಿನಲ್ಲಿ ಸೂಜಿರಂಧ್ರಗಳಾಗುತ್ತವೆ. ತೆಳು ಹಾಳೆಗಳಂತೆ ಮಿನುಗುವುದು ಅಭ್ರಕ, ಅದರಿಂದ ತೊಂದರೆಯಿಲ್ಲ. ಅದೇ ಬಂಗಾರದ ಹೊಳಪಿದ್ದರೂ ಭಾರವಾಗಿ, ಹಾಳೆಯಾಗಿ ಬಿಡದೆ ಕಣವಾಗಿಯೇ ಇರುವುದು ಪೈರೈಟ್ (ಕಬ್ಬಿಣದ ಸಲ್ಫೈಡ್). ಕಾಯಿಸಿದಾಗ ಬೆಂಕಿಕಡ್ಡಿ ಗೀರಿದ ವಾಸನೆ ಬರುತ್ತದೆ. ಸುಟ್ಟ ಪಾತ್ರೆಯ ಮೇಲೆ ಕರಗಿ ಹರಡಿದ ಕಪ್ಪು ಚುಕ್ಕೆಗಳು ಇದರಿಂದಲೇ. ಸ್ಲಿಪ್ ಹಾಯುವ ದಾರಿಯಲ್ಲಿ ಅಯಸ್ಕಾಂತ ಇಟ್ಟಿದ್ದೇವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹಾರೆ, ಗಿರಣಿಗಳಿಂದ ಉದುರಿದ ಕಬ್ಬಿಣವನ್ನು ಅದು ಹಿಡಿಯುತ್ತದೆ, ಸುಡದ ಪೈರೈಟನ್ನು ಹಿಡಿಯುವುದಿಲ್ಲ. ಬಿಳಿ ಕಣಗಳ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣದಕಲ್ಲು. ಬಿಸ್ಕ್ (ಗ್ಲೇಜ್ ಹಾಕುವ ಮೊದಲಿನ ಸುಡುವಿಕೆ) ಆದ ಕೆಲವು ದಿನಗಳ ಮೇಲೆ ಪಾತ್ರೆಯ ಮೇಲ್ಮೈ ಚಿಪ್ಪಿನಂತೆ ಸಿಡಿದು, ಗುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಇದೇ ಕಾರಣ. ಈ ನಾಲ್ಕಕ್ಕೂ ಮದ್ದು ಒಂದೇ: ಮಣ್ಣನ್ನು ಸ್ಲಿಪ್ ಮಾಡಿ 200 ಮೆಶ್ ಜರಡಿಯಲ್ಲಿ ಸೋಸಿಯೇ ಬಳಸುವುದು.

ಸ್ಲಿಪ್ ಹರಿಯದಿರುವುದು

ಅಚ್ಚು ಕೆಲಸ ಮಾಡುವವರಿಗೆ ಅತಿ ಹೆಚ್ಚು ಕಾಟ ಕೊಡುವ ದೋಷ ಇದು. ಸಾಮಾನ್ಯವಾಗಿ ಸ್ಲಿಪ್ಪಿನ ಲೀಟರ್ ತೂಕ 1750–1800 ಗ್ರಾಂ ಇದ್ದು, ಒಣ ತೂಕದ 0.2–0.5 ಶೇಕಡಾ ಸೋಡಿಯಂ ಸಿಲಿಕೇಟಿನಲ್ಲಿ (ಸ್ಲಿಪ್ಪನ್ನು ತೆಳುಗೊಳಿಸುವ ವಸ್ತು) ಅದು ಸಲೀಸಾಗಿ ಹರಿಯಬೇಕು. ಹೊಸ ಮಣ್ಣು ಬಂದ ಮೇಲೆ ಅಷ್ಟೇ ಸಿಲಿಕೇಟಿಗೆ ಹರಿಯದಿದ್ದರೆ ಕೆಲಸಗಾರರು ಮಾಡುವ ಮೊದಲ ಕೆಲಸ ಇನ್ನಷ್ಟು ಸಿಲಿಕೇಟ್ ಸುರಿಯುವುದು. ಅದು ಒಂದು ಮಿತಿ ದಾಟಿದರೆ ಸ್ಲಿಪ್ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಮೂಲ ಕಾರಣವನ್ನು ಹುಡುಕುವುದು ಕಷ್ಟ. ಆದ್ದರಿಂದ ಮೊದಲು ಒಂದು ಲೋಟ ಸ್ಲಿಪ್ಪಿಗೆ ಸಿಲಿಕೇಟ್ ಹಾಕದ ಅಷ್ಟೇ ಸಾಂದ್ರತೆಯ ಸ್ಲಿಪ್ಪನ್ನು ಸ್ವಲ್ಪ ಬೆರೆಸಿ ನೋಡಬೇಕು. ತೆಳುವಾದರೆ ಸಿಲಿಕೇಟ್ ಅತಿಯಾಗಿದೆ; ಇನ್ನಷ್ಟು ಗಟ್ಟಿಯಾದರೆ ಕಾರಣ ಬೇರೆ ಇದೆ.

ಆ ಬೇರೆ ಕಾರಣ ಬಹಳ ಸಲ ಕ್ಯಾಲ್ಸಿಯಂ ಸಲ್ಫೇಟ್, ಎಂದರೆ ಜಿಪ್ಸಮ್. ಜೇಡಿಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಸೋಡಿಯಂ ಅಯಾನುಗಳು ಸುತ್ತ ಇದ್ದಾಗ ಕಣಗಳು ಪರಸ್ಪರ ದೂರ ತಳ್ಳಿಕೊಂಡು ಸ್ಲಿಪ್ ಹರಿಯುತ್ತದೆ, ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಬಂದಾಗ ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಇದನ್ನು ಕಣ್ಣಾರೆ ನೋಡಲು 50 ಗ್ರಾಂ ಮಣ್ಣನ್ನು 250 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ಕದಡಿ ಉದ್ದ ಗಾಜಿನ ಪಾತ್ರೆಯಲ್ಲಿ ಬಿಟ್ಟುಬಿಡಬೇಕು. ಲವಣ ಕಡಿಮೆಯಿದ್ದ ಮಣ್ಣಿನ ನೀರು ಮರುದಿನವೂ ಮಬ್ಬಾಗಿಯೇ ಇರುತ್ತದೆ. ಲವಣ ಹೆಚ್ಚಿದ್ದರೆ ಕೆಲವೇ ಗಂಟೆಗಳಲ್ಲಿ ಮಣ್ಣು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆ ನೀರನ್ನು ಸೋಸಿ, ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬೇರಿಯಂ ಕ್ಲೋರೈಡ್ ದ್ರಾವಣ ಬಿಟ್ಟಾಗ ಹಾಲುಬಿಳುಪು ಮೋಡ ಎದ್ದರೆ ಸಲ್ಫೇಟ್ ಇದೆ ಎಂಬುದು ಸಿದ್ಧ. ಸುಟ್ಟ ಪಾತ್ರೆಗಳ ಅಂಚಿನಲ್ಲಿ, ಹಿಡಿಕೆಯಲ್ಲಿ, ಬೇಗ ಒಣಗುವ ಜಾಗಗಳಲ್ಲೆಲ್ಲ ಬಿಳಿ ಲವಣದ ಪೊರೆ ಕಾಣಿಸುವುದೂ ಇದರ ಇನ್ನೊಂದು ಗುರುತು.

ಇಲ್ಲಿ ನಮ್ಮ ಕಡೆಯವರು ಒಂದು ವಿಷಯವನ್ನು ಮರೆಯಬಾರದು. ಬೆಂಗಳೂರು, ಕೋಲಾರದಂಥ ಕಡೆಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇದೇ ಕೆಡುಕನ್ನು ಮಾಡುತ್ತವೆ. ಬೇಸಿಗೆಯಲ್ಲಿ ಬಾವಿ ಬತ್ತಿ ಟ್ಯಾಂಕರ್ ನೀರಿಗೆ ಬದಲಿಸಿದ ವಾರವೇ ಹೊಸ ಮಣ್ಣಿನ ಚೀಲವನ್ನೂ ಬಿಚ್ಚಿದ್ದರೆ ಯಾವುದನ್ನು ದೂರುವುದು? ಒಂದೇ ಮಣ್ಣಿನಿಂದ ಒಂದು ಸ್ಲಿಪ್ಪನ್ನು ಬೋರ್ ನೀರಿನಲ್ಲಿ, ಇನ್ನೊಂದನ್ನು ಆರ್‌ಒ ನೀರಿನಲ್ಲಿ ಮಾಡಿ ಹೋಲಿಸಿದರೆ ಉತ್ತರ ಸಿಗುತ್ತದೆ. ಅಚ್ಚಿನಿಂದ ಕತ್ತರಿಸಿದ ಚೂರುಗಳನ್ನು ಮತ್ತೆ ಸ್ಲಿಪ್ಪಿಗೆ ಹಾಕುವವರು ಪ್ಲಾಸ್ಟರ್ ಅಚ್ಚೂ ಜಿಪ್ಸಮ್ಮೇ ಎಂಬುದನ್ನು ನೆನೆಯಬೇಕು.

ದೋಷ ಮಣ್ಣಿನದೇ ಎಂದು ಖಚಿತವಾದರೆ ಬೇರಿಯಂ ಕಾರ್ಬೊನೇಟ್ ಮದ್ದು. ಅದು ಕ್ಯಾಲ್ಸಿಯಂ ಸಲ್ಫೇಟಿನೊಡನೆ ಸೇರಿ ಬೇರಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎರಡೂ ನೀರಿನಲ್ಲಿ ಬಹುತೇಕ ಕರಗದವು. ನೂರು ಕಿಲೊ ಮಣ್ಣಿನಲ್ಲಿ 0.1 ಶೇಕಡಾ, ಎಂದರೆ ನೂರು ಗ್ರಾಂ, ಕ್ಯಾಲ್ಸಿಯಂ ಸಲ್ಫೇಟ್ (ನೀರಿಲ್ಲದ ರೂಪದ ಲೆಕ್ಕದಲ್ಲಿ) ಇದ್ದರೆ ಲೆಕ್ಕದ ಪ್ರಕಾರ 145 ಗ್ರಾಂ ಬೇರಿಯಂ ಕಾರ್ಬೊನೇಟ್ ಬೇಕು. ತಾನೇ ಅಷ್ಟಾಗಿ ಕರಗದ ವಸ್ತುವಾದುದರಿಂದ ಅದರ ಕ್ರಿಯೆ ನಿಧಾನ. ಸಿಲಿಕೇಟ್ ಹಾಕುವ ಮೊದಲೇ ಮಣ್ಣು ಮತ್ತು ನೀರಿನೊಡನೆ ಬೆರೆಸಿ ಕೆಲವು ಗಂಟೆ ಕದಡಬೇಕು. ಇದು ಹಿಂದೆ ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದ ವಿಷ. ಬೇರಿಯಂ ಕ್ಲೋರೈಡ್ ಅದಕ್ಕಿಂತಲೂ ಬೇಗ ಕರಗುವ ವಿಷ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು. ಮಕ್ಕಳಿಗೆ ತರಬೇತಿ ನಡೆಯುವ ಜಾಗದಲ್ಲಿ ಇಡಲೇಬಾರದು. ಅಂಥ ಕಡೆ ಸೋಡಾ ಆಶ್ ಪ್ರಯೋಗಿಸಿ ನೋಡಬಹುದು. ಕ್ಯಾಲ್ಸಿಯಮ್ಮನ್ನು ಅದು ಕಾರ್ಬೊನೇಟಾಗಿ ಕೆಳಗಿಳಿಸುತ್ತದೆ, ಆದರೆ ಸಲ್ಫೇಟ್ ನೀರಿನಲ್ಲೇ ಉಳಿದು ಅಚ್ಚುಗಳ ಹೊರಮೈಗೆ ಬಿಳಿ ಹುಪ್ಪಟೆಯಾಗಿ ಬರುತ್ತದೆ. ಕಪ್ಪು ಬಣ್ಣದ, ಹ್ಯೂಮಿಕ್ ಆಮ್ಲ ಹೆಚ್ಚಿರುವ ಮಣ್ಣು ಸೋಡಾ ಆಶಿಗೆ ವಿಶೇಷವಾಗಿ ಚೆನ್ನಾಗಿ ಸ್ಪಂದಿಸುತ್ತದೆ; ಹುಟ್ಟುವ ಸೋಡಿಯಂ ಹ್ಯೂಮೇಟ್ ತಾನೂ ಸ್ಲಿಪ್ಪನ್ನು ತೆಳುಗೊಳಿಸುತ್ತದೆ.

ಸ್ಲಿಪ್ ಚೆನ್ನಾಗಿ ಹರಿದರೂ ಅಚ್ಚಿನಲ್ಲಿ ಗೋಡೆ ಕಟ್ಟಲು ತಡವಾಗುತ್ತಿದ್ದರೆ ಅದು ಲವಣದ ದೋಷವಲ್ಲ, ಅತಿ ನುಣುಪಿನದು. ಮೊದಲು ಕಟ್ಟಿದ ಪದರವೇ ನೀರಿಗೆ ತಡೆಯಾಗುತ್ತದೆ. ಚೀನಾ ಕ್ಲೇಯ ಪಾಲು ಹೆಚ್ಚಿಸುವುದೇ ದಾರಿ.

ಕಪ್ಪು ತಿರುಳು ಮತ್ತು ಉಬ್ಬು

ಪಾತ್ರೆ ಉಬ್ಬಿದ್ದರೆ ಅದನ್ನು ಒಡೆದೇ ನೋಡಬೇಕು. ಒಡೆದ ಮೈಯಲ್ಲಿ ಹೊರಗೆ ಬಿಳಿ, ಒಳಗೆ ಬೂದು ಅಥವಾ ಕಪ್ಪು ಪಟ್ಟಿ ಇದ್ದರೆ ಇಂಗಾಲ ಪೂರ್ತಿ ಸುಡದೆ ಉಳಿದಿದೆ. ಅಡ್ಡಕ್ಕೂ ಒಂದೇ ಬಣ್ಣವಿದ್ದು ಸೂಕ್ಷ್ಮ ಗುಳ್ಳೆಗಳು ತುಂಬಿದ್ದರೆ ಅತಿಯಾಗಿ ಸುಟ್ಟಿದೆ ಎಂದರ್ಥ. ಆಗ ತಾಪವನ್ನು ಇಳಿಸಬೇಕು, ಅಥವಾ ಹೊಸ ಮಣ್ಣಿನ ಪೊಟ್ಯಾಶ್ ಹೆಚ್ಚಿದ್ದರೆ ಫೆಲ್ಡ್‌ಸ್ಪಾರ್ ತಗ್ಗಿಸಬೇಕು.

ಇಂಗಾಲ ಉಳಿದಾಗ ಅದು ಫೆರಿಕ್ ಆಕ್ಸೈಡಿನಿಂದ ಆಮ್ಲಜನಕ ಕಸಿದುಕೊಂಡು ಫೆರಸ್ ರೂಪಕ್ಕೆ ಇಳಿಸುತ್ತದೆ. ಫೆರಸ್ ಆಕ್ಸೈಡ್ ಮಣ್ಣನ್ನು ಕಡಿಮೆ ತಾಪದಲ್ಲೇ ಕರಗಿಸುವ ಬಲವಾದ ದ್ರಾವಕ (ಫ್ಲಕ್ಸ್). ತಿರುಳು ಹೊರಮೈಗಿಂತ ಮೊದಲೇ ಕರಗಿ ಗಾಜಾಗುತ್ತದೆ, ಒಳಗೆ ಹುಟ್ಟಿದ ಅನಿಲ ಸಿಕ್ಕಿಕೊಂಡು ಪಾತ್ರೆ ಉಬ್ಬುತ್ತದೆ. ಕಯೋಲಿನೈಟಿನ ನೀರು 450ರಿಂದ 600 ಡಿಗ್ರಿಯ ನಡುವೆ ಹೊರಬರುವಾಗ ಆ ಹಬೆ ಗಾಳಿಯನ್ನು ಒಳಗೆ ಬಿಡುವುದಿಲ್ಲ; ಆದ್ದರಿಂದ ತಿರುಳಿನ ಇಂಗಾಲ ಸುಡುವ ನಿಜವಾದ ಅವಕಾಶ 700ರಿಂದ 900 ಡಿಗ್ರಿಯೊಳಗೆ ಇರುತ್ತದೆ. ಬಿಸ್ಕ್ ಸುಡುವಾಗ ಈ ಅಂತರದಲ್ಲಿ ಗಂಟೆಗೆ 50–60 ಡಿಗ್ರಿಗಿಂತ ವೇಗವಾಗಿ ಏರಿಸದೆ, ಡ್ಯಾಂಪರ್ (ಹೊಗೆದಾರಿಯ ಮುಚ್ಚಳ) ತೆರೆದಿಟ್ಟು, ವಿದ್ಯುತ್ ಭಟ್ಟಿಯಾದರೆ ನೋಡುಗಿಂಡಿಯ ಬಿರಡೆ ತೆಗೆದು, ಗಾಳಿಯಾಡಲು ಬಿಡಬೇಕು. ಗೋಡೆಯ ದಪ್ಪ ಇಮ್ಮಡಿಯಾದರೆ ಬೇಕಾಗುವ ಸಮಯ ಸರಿಸುಮಾರು ನಾಲ್ಕು ಪಟ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಟ್ಟೆಯೊಳಗೆ ತಟ್ಟೆ ಪೇರಿಸಿ ಸುಡುವವರಲ್ಲಿ ನಡುವಿನ ತಟ್ಟೆಗಳ ತಳ ಮಾತ್ರ ಕಪ್ಪಾಗಿದ್ದರೆ ಮಣ್ಣಿಗಿಂತ ಪೇರಿಸಿದ ಬಗೆಯೇ ಹೆಚ್ಚು ಹೊಣೆ. ಗ್ಯಾಸ್ ಭಟ್ಟಿಯಲ್ಲಿ ರಿಡಕ್ಷನ್ (ಗಾಳಿ ಕಡಿಮೆ ಮಾಡಿ ಸುಡುವುದು) ಮಾಡುವವರು ಬಿಸ್ಕಿನಲ್ಲೇ ಇಂಗಾಲ ಪೂರ್ತಿ ಹೋಗಿದೆಯೆಂದು ಒಂದು ಪಾತ್ರೆ ಒಡೆದು ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ಸುಟ್ಟ ಬಣ್ಣ ಮತ್ತು ಬೇಯುವಿಕೆ

ಚೀಲದಲ್ಲಿ ಮಣ್ಣು ಕಪ್ಪಗಿದೆ ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸಬಾರದು. ಆ ಕಪ್ಪು ಇಂಗಾಲದ್ದು, ಸುಟ್ಟಾಗ ಹೋಗುತ್ತದೆ. ತಿಳಿಬಣ್ಣದ ಮಣ್ಣು ಕೆನೆಹಳದಿಗೆ ಸುಟ್ಟು ಬರುವುದುಂಟು, ಏಕೆಂದರೆ ಕಬ್ಬಿಣದೊಡನೆ ಟೈಟೇನಿಯಾ ಸೇರಿದಾಗ ಹಳದಿ ಛಾಯೆ ಗಾಢವಾಗುತ್ತದೆ. ಬರಿಯ ಮಣ್ಣಿನ ಒಂದು ಬಿಲ್ಲೆಯನ್ನು ತಮ್ಮದೇ ಭಟ್ಟಿಯಲ್ಲಿ, ತಮ್ಮದೇ ತಾಪಕ್ಕೆ ಸುಟ್ಟು ನೋಡುವುದು ಸಾಕು. ಬೇಯುವಿಕೆ ಬದಲಾಗಿದೆಯೇ ಎಂದು ತಿಳಿಯಲು ಸುಟ್ಟ ಚೂರನ್ನು ಒಣಗಿಸಿ ತೂಗಿ, ಐದು ಗಂಟೆ ನೀರಿನಲ್ಲಿ ಕುದಿಸಿ, ಒಂದು ದಿನ ಅದೇ ನೀರಿನಲ್ಲಿ ಬಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಬೇಕು. ನೀರಿನ ಹೀರಿಕೆ ಹಳೆಯದಕ್ಕಿಂತ ಹೆಚ್ಚಿದ್ದರೆ ಫೆಲ್ಡ್‌ಸ್ಪಾರನ್ನು ಒಂದೆರಡು ಭಾಗ ಏರಿಸಿ ನೋಡಬೇಕು.

ಯಾವ ಲಾಟನ್ನು ಹಿಂದಿರುಗಿಸಬೇಕು

ನುಣುಪು ಹೆಚ್ಚಾದ ಮಣ್ಣನ್ನು ಮಿಶ್ರಣ ಹೊಂದಿಸಿ ಬಳಸಬಹುದು, ಇಂಗಾಲ ಹೆಚ್ಚಾದದ್ದನ್ನು ನಿಧಾನವಾಗಿ ಸುಟ್ಟು ಉಳಿಸಿಕೊಳ್ಳಬಹುದು. ಪೈರೈಟನ್ನೂ ಸುಣ್ಣದಕಲ್ಲನ್ನೂ ಜರಡಿಯಲ್ಲಿ ತಡೆಯುವುದು ಸ್ಲಿಪ್ ಮಾಡುವ ಘಟಕಗಳಿಗೆ ಸಾಧ್ಯ. ಒಣ ಪುಡಿಯನ್ನೇ ನೇರವಾಗಿ ಕಲಸುವವರಿಗೆ ಸಾಧ್ಯವಿಲ್ಲ, ಅವರು ಅಂಥ ಲಾಟನ್ನು ಇಟ್ಟುಕೊಳ್ಳಬಾರದು. ಮೊದಲೇ ನುಣ್ಣಗೆ ಅರೆದು ಪುಡಿ ಮಾಡಿದ ಚೀಲಗಳಲ್ಲಿ ಈ ಕಣಗಳೂ ಅರೆದುಹೋಗಿ ಜರಡಿಯನ್ನು ದಾಟುವುದರಿಂದ, ಒಂದು ಬಿಲ್ಲೆಯನ್ನು ಸುಟ್ಟು ನೋಡದೆ ಹಣ ಪಾವತಿ ಮಾಡಬಾರದು. ಮಾಂಟ್‌ಮೊರಿಲೊನೈಟ್ ಬೆರೆತದ್ದನ್ನು ಸ್ಲಿಪ್ ಕೆಲಸಕ್ಕೆ ಬಳಸುವ ಪ್ರಯತ್ನ ವ್ಯರ್ಥ. ತಿಗರಿ ಕೆಲಸದ ಮಿಶ್ರಣದಲ್ಲಿ ಐದು ಶೇಕಡಾ ಮೀರದಂತೆ, ಜಿಗುಟಿಗಾಗಿ ಮಾತ್ರ, ಸೇರಿಸಿ ಖಾಲಿ ಮಾಡಬಹುದು.